ಕುಡಿತದ ಐದು ಚೀಟಿ

ಕೆಂಪು ಶಾಯಿ ಇನ್ನೂ ಆರಿಲ್ಲ, ಐದೂ ಚೀಟಿಗಳ ಮೇಲೆ ಸಂಪಾದಕರ ಅದೇ ದುಂಡು ಅಕ್ಷರ, ‘ಕುಡಿದ’ — ಟಿಪ್ಸಿಗೂ ಕುಡಿದ, ಮೆರ್ರಿಗೂ ಕುಡಿದ, ಡ್ರಂಕ್‌ಗೂ, ಸ್ಮ್ಯಾಶ್ಡ್‌ಗೂ, ಕೊನೆಗೆ ಡೆಡ್ ಡ್ರಂಕ್‌ಗೂ ಅದೇ, ಇಂಗ್ಲಿಷ್-ಕನ್ನಡ ನಿಘಂಟಿನ ಪುಟ ಉಳಿಸುವುದಕ್ಕಂತೆ, ಕುಡುಕರಿಗೆ ಇಷ್ಟೊಂದು ಜಾಗ ಯಾಕಮ್ಮಾ, ಕುಡಿದ ಅಂದ್ರೆ ಮುಗೀತು, ಸಹಿ ಹಾಕಿ ಅಚ್ಚಿಗೆ ಕಳಿಸು — ಮುಗಿಯಿತಂತೆ, ಎಲ್ಲಿ ಮುಗಿಯಿತು, ಈ ಮಹಾಶಯ ಯಾವತ್ತಾದರೂ ಬಾಗಿಲ ಸಂದಿಯಲ್ಲಿ ನಿಂತು ಅಪ್ಪನ ಚಪ್ಪಲಿ ಸದ್ದಿಗೆ ಕಿವಿಗೊಟ್ಟಿದ್ದಾರೆಯೇ, ಅವಳು ಕೊಟ್ಟಿದ್ದಾಳೆ, ನಿಘಂಟು ಕಚೇರಿಗೆ ಸೇರುವುದಕ್ಕೆ ಎಷ್ಟೋ ಮೊದಲು, ಎಂಟನೇ ವಯಸ್ಸಿಗೇ ಆ ವಿದ್ಯೆಯಲ್ಲಿ ಪಂಡಿತೆ, ಚಪ್ಪಲಿ ಹಗುರವಾಗಿ ಬಿದ್ದರೆ ಟಿಪ್ಸಿ, ಗುಂಗು ಈಗಷ್ಟೇ ಹತ್ತಿದೆ, ಹೊಸ ನೋಟ್‌ಬುಕ್ ಕೇಳಬಹುದು. ಹಾಡು ಗುನುಗಿದರೆ ಮೆರ್ರಿ, ಬಾರೇ ನನ್ನ ರಾಣಿ ಎಂದು ಎತ್ತಿಕೊಳ್ಳುತ್ತಾನೆ, ನಗಬೇಕು, ಜೋರಾಗಿ ನಗಬಾರದು. ಕಾಲೆಳೆಯುವ ಸದ್ದಾದರೆ ಡ್ರಂಕ್, ಅಮಲು ನೆತ್ತಿಗೇರಿದೆ, ತಮ್ಮನನ್ನು ಮಂಚದ ಕೆಳಗೆ ತಳ್ಳು. ಸದ್ದೇ ಇಲ್ಲದೆ ಬಂದು ಬಾಗಿಲಲ್ಲಿ ನಿಂತನೋ, ಅದು ಸ್ಮ್ಯಾಶ್ಡ್, ಅಮ್ಮನ ಕೈ ಹಿಡಿದು ಹಿತ್ತಿಲಿಂದ ಓಟ — ಒಂದೇ ಒಂದು ದಿನ ಅಂದಾಜು ತಪ್ಪಿತು, ಗುಂಗೆಂದುಕೊಂಡು ನೋಟ್‌ಬುಕ್ ಕೇಳಿಬಿಟ್ಟಳು, ಅಡ್ಡ ಬಂದ ಅಮ್ಮನ ಹುಬ್ಬಿನ ಮೇಲೆ ಹೊಲಿಗೆಯ ಗುರುತು ಕೊನೆಯವರೆಗೂ ಉಳಿಯಿತು, ಎಲ್ಲಾ ಒಂದೇ ಅಂತೆ, ಯಾರಿಗೆ ಒಂದೇ.

ಒಂದೇ ಅಲ್ಲ ಸಾರ್, ನಾನು ಸಹಿ ಹಾಕಲ್ಲ, ಅಂದೇಬಿಟ್ಟಳು, ಸಂಪಾದಕರು ಕನ್ನಡಕ ತೆಗೆದರು, ಕೆಲಸ ಬೇಡ್ವೇನಮ್ಮಾ, ಬೇಕು ಸಾರ್, ಅದಕ್ಕೇ ಸರಿಯಾಗಿ ಮಾಡ್ತಿದೀನಿ — ಅವರ ಕಣ್ಣೆದುರೇ ಕೆಂಪನ್ನು ಹೊಡೆದು ಹಾಕಿ ಬರೆಯುತ್ತಾಳೆ, ಗುಂಗು ಹತ್ತಿದ, ಕುಡಿದ ಖುಷಿಯಲ್ಲಿರುವ, ಅಮಲೇರಿದ, ಕಂಠಪೂರ್ತಿ ಕುಡಿದ, ಬೇಕಾದರೆ ಇವತ್ತೇ ಮನೆಗೆ ಕಳಿಸಲಿ, ಹೆದರಿ ಹೆದರಿ ಕಲಿತದ್ದು ಇದು, ಒಂದಕ್ಷರವನ್ನೂ ಬಿಟ್ಟುಕೊಡುವುದಿಲ್ಲ, ಇನ್ನೊಂದೇ ಚೀಟಿ, ಡೆಡ್ ಡ್ರಂಕ್, ಮೈಮೇಲೆ ಪ್ರಜ್ಞೆಯಿಲ್ಲದಷ್ಟು ಕುಡಿದ — ಅಲ್ಲ, ಅಷ್ಟೇ ಅಲ್ಲ, ಡೆಡ್ ಎಂದರೆ ಸತ್ತ, ಅದನ್ನೆಲ್ಲಿ ಇಡುವುದು, ಪೆನ್ನು ಮುಂದೆ ಹೋಗುತ್ತಿಲ್ಲ, ಎಷ್ಟು ವರ್ಷವಾದರೂ ಬಿಡದೆ ಬರುವ ಅದೇ ಚಿತ್ರ, ಹೊಸ್ತಿಲಿಗೆ ಅಡ್ಡಲಾಗಿ ಅಂಗಾತ ಬಿದ್ದ ಅಪ್ಪ, ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತ ಅಮ್ಮ, ಅವನ ಮೂಗಿನ ಬಳಿ ಹಿಡಿದ ಅವಳ ಎರಡು ಬೆರಳು, ಉಸಿರಿದೆಯಾ ಅಮ್ಮಾ, ಇದೆ, ಎಂದಳು ಅಮ್ಮ, ಆ ದನಿಯಲ್ಲಿ ಸಮಾಧಾನವಿರಲಿಲ್ಲ, ಬೆರಳು ಇನ್ನೂ ಅಲ್ಲೇ, ಅಲ್ಲೇ