ಹರಿದ ಚೀಲದ ಪಾಲು

ಅಕ್ಟೋಬರ್ ಮುಗಿಯಲು ಇನ್ನೂ ಹತ್ತು ದಿನ ಇರುವಾಗಲೇ ಗುಡ್ಡದ ನೆತ್ತಿ ಬೆಳ್ಳಗಾಗಿತ್ತು. ಕಾರ್ಖಾನೆಗೆ ಹೊರಡುವ ಮುನ್ನ ಶೆಫಿಕಾ ನೆಲಮಾಳಿಗೆಗೆ ಇಳಿದು ಚೀಲ ಎಣಿಸಿದಳು. ಹನ್ನೊಂದು. ಎಣಿಸಿದರೆ ಹೆಚ್ಚಾಗುವುದಿಲ್ಲ ಎಂದು ಗೊತ್ತಿದ್ದೂ ದಿನಾ ಎಣಿಸುತ್ತಿದ್ದಳು. ಹದಿನೈದು ಕಿಲೋದ ಒಂದು ಚೀಲ ಪೆಲೆಟ್, ಅಂದರೆ ಮರದ ಪುಡಿಯನ್ನು ಒತ್ತಿ ಮಾಡಿದ ಗುಳಿಗೆ, ಈಗಿನ ಚಳಿಗೆ ಒಂದು ದಿನ ಬರುತ್ತದೆ. ಜನವರಿಯಲ್ಲಿ ದಿನಕ್ಕೆ ಎರಡು ಬೇಕು.

ಮೇಲೆ ಗಂಡ ಮುಹರೆಮ್ ಕೆಮ್ಮುತ್ತಿದ್ದ. ಮೂವತ್ತು ವರ್ಷ ಗರಗಸದ ಮುಂದೆ ನಿಂತು ಮರದ ಧೂಳು ಕುಡಿದ ಎದೆ ಅದು. ಮನೆಯೊಳಗೆ ಇನ್ನು ಹೊಗೆ ಕೂಡದು ಎಂದು ಡಾಕ್ಟರು ಖಂಡಿತವಾಗಿ ಹೇಳಿದ ಮೇಲೆ ಸೌದೆ ಒಲೆಯನ್ನು ಮಾರಿ ಪೆಲೆಟ್ ಒಲೆ ತಂದಿದ್ದರು. ಸೌದೆ ಒಲೆಯ ಹೊಗೆಗೂಡಿಗೆ ಗಾರೆಯವನು ಇಟ್ಟಿಗೆ ಕಟ್ಟಿ ಹೋಗಿದ್ದ. ಹಿಂದಕ್ಕೆ ಹೋಗುವ ದಾರಿ ಇರಲಿಲ್ಲ.

ಎಷ್ಟು ಉಳಿದಿದೆ ಎಂದು ಅವನು ಕೇಳಿದ. ಬೇಕಾದಷ್ಟಿದೆ ಎಂದು ಇವಳು ಸುಳ್ಳು ಹೇಳಿದಳು. ತಾನು ಬಾಗಿಲು ದಾಟಿದ ಕೂಡಲೇ ಅವನು ಒಲೆಯ ಉರಿ ತಗ್ಗಿಸಿ, ಉಣ್ಣೆ ಟೋಪಿ ಎಳೆದುಕೊಂಡು, ಕಂಬಳಿಯೊಳಗೆ ಕೂರುತ್ತಾನೆಂದು ಅವಳಿಗೆ ಗೊತ್ತಿತ್ತು.

ತಪ್ಪು ಅವಳದೇ. ಮೇ ತಿಂಗಳಲ್ಲಿ ಪೇಟೆಯ ಪೆಲೆಟ್ ವ್ಯಾಪಾರಿ ಟನ್ನಿಗೆ ಮುನ್ನೂರ ಎಂಬತ್ತು ಮಾರ್ಕ್, ಬೇಕೇ ಎಂದು ಬಾಗಿಲಿಗೇ ಬಂದು ಕೇಳಿದ್ದ. ಬೇಡ ಎಂದಿದ್ದಳು. ಅವಳು ಚೀಲ ತುಂಬುವ ಪೆಲೆಟ್ ಕಾರ್ಖಾನೆಯಲ್ಲಿ ಪ್ರತಿ ಅಕ್ಟೋಬರಿಗೂ ಆಳಿಗೆ ಮೂರು ಪ್ಯಾಲೆಟ್, ಅಂದರೆ ಮರದ ಅಡಿಹಲಗೆಯ ಮೇಲೆ ಪೇರಿಸಿದ ಒಂದೊಂದು ಟನ್ನಿನ ಮೂರು ಅಟ್ಟಿ, ಅಸಲು ಬೆಲೆಗೆ ಕೊಡುವುದು ವಾಡಿಕೆ. ಕೈಯಲ್ಲೇ ಇರುವುದನ್ನು ಹೊರಗೆ ಕೊಳ್ಳುವ ದಡ್ಡರು ಯಾರು? ಬೇಸಿಗೆಯಲ್ಲಿ ಬೆಲೆ ಐನೂರಾಯಿತು, ಆಗಸ್ಟಿನಲ್ಲಿ ಏಳುನೂರು. ಈಗ ವ್ಯಾಪಾರಿಯ ಅಂಗಳದಲ್ಲಿ ಬೆಲೆಯ ಹಲಗೆ ಮಾತ್ರ ಉಳಿದಿತ್ತು, ಮಾಲು ಇರಲಿಲ್ಲ. ಇಟಲಿಯವರು ಕೇಳಿದಷ್ಟು ಕೊಡುತ್ತಾರಂತೆ. ಕಾರ್ಖಾನೆಯ ಮಾಲೀಕ ಹಾಯ್ರುದಿನ್ ಒಂದು ಚೀಟಿ ಅಂಟಿಸಿದ: ಈ ವರ್ಷ ಆಳುಗಳ ಪಾಲು ಇಲ್ಲ, ಬದಲಿಗೆ ಹಳೆಯ ಬೆಲೆಗೂ ಅಸಲಿಗೂ ಇದ್ದ ವ್ಯತ್ಯಾಸದಷ್ಟು ನಗದು. ಆ ನಗದಿಗೆ ಅರ್ಧ ಚಳಿಗಾಲವೂ ಬರುವುದಿಲ್ಲ; ಬರುವಂತಿದ್ದರೂ ಕೊಳ್ಳಲು ಸಿಗುವುದಿಲ್ಲ.

ನಮ್ಮ ಗುಡ್ಡದ ಬೀಚ್ ಮರ. ನಮ್ಮ ಗಂಡಸರು ಕಡಿದದ್ದು, ಅದರ ಧೂಳಿಗೆ ನಮ್ಮ ಗಂಡಸರ ಶ್ವಾಸ ಹೋದದ್ದು, ನಮ್ಮ ಹೆಂಗಸರು ಚೀಲಕ್ಕೆ ತುಂಬಿದ್ದು. ಚೀಲದ ಮೇಲಿನ ಇಟಾಲಿಯನ್ ಬರಹವನ್ನು ಓದಲು ಮಾತ್ರ ನಮ್ಮಲ್ಲಿ ಯಾರಿಗೂ ಬಾರದು.

ಕಾರ್ಖಾನೆಯಲ್ಲಿ ಇನ್ನೊಂದು ವಾಡಿಕೆ ಇತ್ತು, ಯಾವ ಚೀಟಿಯಲ್ಲೂ ಬರೆಯದ್ದು. ಯಂತ್ರದ ಓಡುವ ಪಟ್ಟಿಯ ಮೇಲೆ ಸಾಗುವಾಗ ಹರಿದ ಚೀಲವನ್ನು ಲಾರಿಗೆ ಏರಿಸುವಂತಿಲ್ಲ. ಅದನ್ನು ಮೊದಲು ಕಂಡು ಎತ್ತಿಟ್ಟವಳು ಮನೆಗೆ ಒಯ್ಯಬಹುದು. ವಾರಕ್ಕೆ ಒಂದೋ ಎರಡೋ ಹರಿಯುತ್ತಿದ್ದವು. ಚೀಟಿ ಬಿದ್ದ ದಿನದಿಂದ ಶೆಫಿಕಾಳ ಹೆಬ್ಬೆರಳ ಉಗುರು ಚೀಲದ ಅಂಚನ್ನು ಹುಡುಕತೊಡಗಿತು. ಒಂದು ಚಿಕ್ಕ ಸೀಳು ಸಾಕು, ಉಳಿದದ್ದನ್ನು ಹದಿನೈದು ಕಿಲೋ ಭಾರವೇ ಹರಿಯುತ್ತಿತ್ತು. ಅವಳ ಎದೆ ಎಷ್ಟು ಜೋರಾಗಿ ಬಡಿದುಕೊಳ್ಳುತ್ತಿತ್ತೆಂದರೆ ಯಂತ್ರದ ಗದ್ದಲಕ್ಕೆ ಅವಳು ಮನಸ್ಸಿನಲ್ಲೇ ಕೈ ಮುಗಿಯುತ್ತಿದ್ದಳು. ಹೀಗೆ ಐದು ಚೀಲ ಮನೆ ಸೇರಿದವು. ಎಷ್ಟೋ ಸಲ ಸೀಳಿದ ಕೂಡಲೇ ಹಾಯ್ರುದಿನ್ ಬಂದು ನಿಲ್ಲುತ್ತಿದ್ದ. ಎತ್ತಿಟ್ಟುಕೊಳ್ಳಲು ಧೈರ್ಯ ಸಾಲದೆ ಅವಳು ಸುಮ್ಮನಾಗುತ್ತಿದ್ದಳು. ಆ ಚೀಲಗಳು ಪಟ್ಟಿಯ ಕೊನೆಯಲ್ಲಿದ್ದ ಯಾಗೊಡಾಳ ಕೈಗೆ ಸಿಗುತ್ತಿದ್ದವು. ಈ ತಿಂಗಳು ನನ್ನ ಗ್ರಹಗತಿ ಚೆನ್ನಾಗಿದೆ ಎಂದು ಯಾಗೊಡಾ ನಗುತ್ತಿದ್ದಳು. ಏನೂ ಅರಿಯದ ಹೆಂಗಸು.

ಆ ಬೆಳಿಗ್ಗೆ ಇಟಲಿಯ ಲಾರಿ ಬಂದು ನಿಂತಿತ್ತು. ಅರ್ಧ ತುಂಬಿತ್ತು. ಹಾಯ್ರುದಿನ್ ಪಟ್ಟಿ ನಿಲ್ಲಿಸಿ, ಏಳು ಜನ ಹೆಂಗಸರನ್ನೂ ಸಾಲಾಗಿ ನಿಲ್ಲಿಸಿದ.

"ಮೂರು ವಾರಕ್ಕೆ ಹದಿನಾಲ್ಕು ಚೀಲ ಹರಿದಿದೆ. ಅದ್ರಲ್ಲಿ ಒಂಬತ್ತು ಒಬ್ಳೇ ಹೊತ್ಕೊಂಡು ಹೋಗಿದಾಳೆ. ಯಾಗೊಡಾ, ನಿನ್ನ ಬೆರಳಲ್ಲಿ ಇಲಿ ಹಲ್ಲು ಇದೆಯೇನಮ್ಮಾ?"

ತಪ್ಪೊಪ್ಪಿಗೆ ಬರೆದು ಸಹಿ ಮಾಡು, ಇಲ್ಲವೇ ಪೊಲೀಸರ ಮುಂದೆ ಮಾತಾಡು ಎಂದು ಅವನು ಕಾಗದ ಚಾಚಿದ.

ಶೆಫಿಕಾಳ ಕಣ್ಣ ಮುಂದೆ ನೆಲಮಾಳಿಗೆ ಬಂತು. ಸುಮ್ಮನಿದ್ದರೆ ಕೆಲಸ ಉಳಿಯುತ್ತದೆ. ಕೆಲಸ ಉಳಿದರೆ ಹೇಗಾದರೂ ಮಾಡಿ ಗಂಡನನ್ನು ಬೆಚ್ಚಗಿಡಬಹುದು. ಯಾಗೊಡಾ ಪೆನ್ನು ತೆಗೆದುಕೊಂಡಳು.

"ಅವಳಲ್ಲ ಯಜಮಾನ್ರೇ. ಸೀಳಿದ್ದು ನಾನು. ಎಲ್ಲಾನೂ ನಾನೇ."

ಹಾಯ್ರುದಿನ್ ತಿರುಗಿ ನೋಡಿದ. ಈಗಲೇ ಆಚೆ ನಡೆ ಎಂದ. ಆಗ ಅಂಗಳದಲ್ಲಿ ಲಾರಿ ಡ್ರೈವರು ಹಾರ್ನ್ ಬಾರಿಸಿದ. ಹಾಯ್ರುದಿನ್ ಗಡಿಯಾರ ನೋಡಿಕೊಂಡ, ನಿಂತ ಪಟ್ಟಿಯನ್ನು ನೋಡಿದ, ಮತ್ತೆ ಗಡಿಯಾರ ನೋಡಿದ. ಅವನ ಕಣ್ಣಲ್ಲಿದ್ದದ್ದು ಅವಳಿಗೆ ಚಿರಪರಿಚಿತ. ದಿನಾ ಬೆಳಿಗ್ಗೆ ಚೀಲ ಎಣಿಸುವಾಗ ತನ್ನನ್ನು ಹಿಡಿಯುವ ಹೆದರಿಕೆಯೇ ಅದು. ಲಾರಿ ಸಂಜೆಯೊಳಗೆ ಗಡಿ ದಾಟಬೇಕು. ತುಂಬಲು ಏಳು ಜೊತೆ ಕೈ ಬೇಕು. ಈ ಕಣಿವೆಯಲ್ಲಿ ಪೆಲೆಟ್ ಹೇಗೆ ಸಿಗುವುದಿಲ್ಲವೋ ಕೈಗಳೂ ಹಾಗೇ ಸಿಗುವುದಿಲ್ಲ. ಗಟ್ಟಿ ಕೈಗಳೆಲ್ಲ ಜರ್ಮನಿಗೆ ಹೋಗಿ ವರ್ಷಗಳಾದವು.

ಶೆಫಿಕಾ ಕೈಗಳನ್ನು ಏಪ್ರನ್ನಿನೊಳಗೆ ಇಟ್ಟುಕೊಂಡಳು.

"ಹೋಗ್ತೀನಿ. ಆದ್ರೆ ನಮ್ಮ ಪಾಲು ಇಳಿಸಿದ ಮೇಲೆ. ಒಬ್ಬೊಬ್ಬರಿಗೆ ಒಂದು ಪ್ಯಾಲೆಟ್, ಅಸಲಿಗೆ. ಇದು ಹತ್ತು ಗಂಟೆಯ ಬೆಲೆ. ಹನ್ನೊಂದಾದ್ರೆ ಎರಡು."

ತಲೆ ಕೆಟ್ಟಿದೆಯಾ ಎಂದು ಹಾಯ್ರುದಿನ್ ಬೈದ. ನೀವು ಕೆಲಸಕ್ಕೆ ನಿಲ್ಲಿ ಎಂದು ಉಳಿದವರಿಗೆ ಕೈ ಬೀಸಿದ. ಒಬ್ಬಳು ಪಟ್ಟಿಯತ್ತ ಒಂದು ಹೆಜ್ಜೆ ಇಟ್ಟಳು. ಆ ಒಂದು ಹೆಜ್ಜೆ ಹಿಂದೆಯೇ ಉಳಿದವರೆಲ್ಲ ಹೋದರೆ ಮುಗಿಯಿತು. ಆದರೆ ಯಾಗೊಡಾ ಕೈಯಲ್ಲಿದ್ದ ಪೆನ್ನನ್ನು ಕಾಗದದ ಮೇಲೆ ಮಲಗಿಸಿ, ಪಟ್ಟಿಗೆ ಬೆನ್ನು ಮಾಡಿ ಕುಳಿತಳು. ಹೆಜ್ಜೆ ಇಟ್ಟವಳು ಅಲ್ಲೇ ನಿಂತಳು. ಹಾರ್ನ್ ಮತ್ತೆ ಕೂಗಿತು. ಹಾಯ್ರುದಿನ್ ಆಫೀಸಿಗೆ ಹೋಗಿ ಯಾರ್ಯಾರಿಗೋ ಫೋನ್ ಮಾಡಿದ. ಗಾಜಿನಾಚೆ ಅವನ ತುಟಿ ಅಲ್ಲಾಡುವುದನ್ನು ಏಳು ಜನರೂ ನೋಡುತ್ತಾ ಕುಳಿತರು. ಹತ್ತೂ ಮುಕ್ಕಾಲು. ಹತ್ತೂ ಐವತ್ತು.

ಅವನು ಹೊರಬಂದು, ಒಂದೊಂದೇ, ಅದಕ್ಕಿಂತ ಒಂದು ಗುಳಿಗೆ ಹೆಚ್ಚಿಲ್ಲ ಎಂದ. "ನೀನು ಮಾತ್ರ ನಾಳೆಯಿಂದ ಬರ್ಬೇಡ."

"ಅವಳು ಬರ್ದೇ ಇದ್ರೆ ಬೆಲೆ ಬೇರೆ ಆಗುತ್ತೆ ಯಜಮಾನ್ರೇ," ಎಂದಳು ಯಾಗೊಡಾ, ಏಳದೆ.

ಹಾಯ್ರುದಿನ್ ಪ್ಯಾಲೆಟ್ ಎತ್ತುವ ಗಾಡಿಯವನಿಗೆ ಸನ್ನೆ ಮಾಡಿದ. ಲಾರಿಯಿಂದ ಏಳು ಪ್ಯಾಲೆಟ್ ಒಂದೊಂದಾಗಿ ಇಳಿದು ಅಂಗಳದ ಗೋಡೆಗೆ ಒರಗಿದವು. ಹೆಂಗಸರು ನಗುತ್ತಾ, ಮೂಗು ಒರೆಸಿಕೊಳ್ಳುತ್ತಾ ಪಟ್ಟಿಗೆ ಮರಳಿದರು. ಶೆಫಿಕಾಳಿಗೆ ನಗು ಬರಲಿಲ್ಲ. ಒಂದು ಪ್ಯಾಲೆಟ್ಟಿಗೆ ಎಪ್ಪತ್ತು ಚೀಲ. ಎಳೆದೆಳೆದು ಉರಿಸಿದರೂ ಹೊಸ ವರ್ಷದವರೆಗೆ. ಆಮೇಲೆ ಜನವರಿ, ಫೆಬ್ರವರಿ, ಮಾರ್ಚ್.

ಗಾಡಿಯವನು ಪಕ್ಕದಲ್ಲಿ ಹಾದುಹೋಗುವಾಗ ಅವಳು ಅವನನ್ನು ತಡೆದು ನಿಲ್ಲಿಸಿದಳು.

"ಮುಂದಿನ ಲಾರಿ ಯಾವತ್ತು ಬರುತ್ತಪ್ಪಾ?"