ತುಳಸಿಕಟ್ಟೆಯ ಬುಡದ ತಂತಿ

ನಾನೊಂದು ವಾಲ್ವಿನ ರೇಡಿಯೋ. ಮರದ ಮೈ, ಎದೆಗೆ ಜರಿಯಂಥ ಬಟ್ಟೆ. ಕಾರ್ಖಾನೆಯಲ್ಲಿ ಕಾದ ಬೆಸುಗೆಯ ವಾಸನೆಯ ನಡುವೆ ಹುಟ್ಟಿ, ಮೊದಲು ಒಬ್ಬ ವಕೀಲರ ಮನೆಯಲ್ಲಿದ್ದೆ. ಅವರು ಟ್ರಾನ್ಸಿಸ್ಟರ್ ತಂದ ಮೇಲೆ ಬೆಟಗೇರಿಯ ನೇಕಾರ ವಿಠೋಬ ನನ್ನನ್ನು ಹಳೆಯ ಸೀರೆಯಲ್ಲಿ ಸುತ್ತಿ, ಸೈಕಲ್ಲಿಗೆ ಕಟ್ಟಿಕೊಂಡು ಬಂದರು.

ಆ ಓಣಿಯಲ್ಲಿ ಮನೆಮನೆಗೂ ಕರೆಂಟಿನ ಮಗ್ಗ. ಮೋಟಾರು ತಿರುಗಿತೆಂದರೆ ನನ್ನ ಗಂಟಲಲ್ಲಿ ಗೊರಗೊರ.

"ಏನ್ರೀ, ಇದು ಹಾಡತೈತೋ, ಗೊರಕಿ ಹೊಡಿತೈತೋ?" ಎಂದು ಹೆಂಡತಿ ಗೋದಾಬಾಯಿ ನಕ್ಕರು. ಗಂಡನ ಹೆಸರನ್ನು ಅವರು ಬಾಯಿಬಿಟ್ಟು ಹೇಳಿದವರಲ್ಲ. ಮದುವೆಯಲ್ಲಿ ಗಂಡನ ಹೆಸರು ಸೇರಿಸಿ ಹೇಳುವ ಒಡಪಿನಲ್ಲೂ ನಾಚಿ ಸುಮ್ಮನಾಗಿದ್ದರಂತೆ.

ರಿಪೇರಿಯ ದಾವಲಸಾಬರು ಬಂದು ಅಂಗಳ ನೋಡಿದರು. "ಅಕ್ಕಾರ, ಇದರ ತಂತಿ ಹಸಿ ನೆಲಕ್ಕ ಇಳೀಬೇಕು. ಗದ್ದಲ ಭೂಮ್ಯಾಗ ಹೋಗತೈತಿ. ದಿನಾ ನೀರು ಬೀಳೂದೆಲ್ಲಿ?"

ಗೋದಾಬಾಯಿ ತುಳಸಿಕಟ್ಟೆ ತೋರಿಸಿದರು. ದಾವಲಸಾಬರು ಹಿಂಜರಿದರು.

"ಅಗೀರಿ ಅಣ್ಣಾ. ತುಳಸವ್ವನೂ ಹಾಡು ಕೇಳಲಿ."

ಕಟ್ಟೆಯ ಬುಡದಲ್ಲಿ ಇದ್ದಿಲು ತುಂಬಿ, ತಾಮ್ರದ ತಗಡು ಹೂಳಿ, ನನ್ನ ತಂತಿಯನ್ನು ಅದಕ್ಕೆ ಕಟ್ಟಿದರು. ಮುಂಜಾನೆ ಗೋದಾಬಾಯಿ ತುಳಸಿಗೆ ಚೊಂಬು ನೀರೆರೆದರೆ ನನ್ನ ಗಂಟಲು ತಿಳಿಯಾಗುತ್ತಿತ್ತು. ತಡವಾದ ದಿನ, "ತಡೀರಿ, ನಿಮ್ಮ ರೇಡಿಯೋಕ್ಕ ನೀರಡಿಕಿ ಆಗೇತಿ" ಎನ್ನುತ್ತಿದ್ದರು. ವಿಠೋಬ ಅದನ್ನು ಚೇಷ್ಟೆ ಎಂದುಕೊಂಡಿದ್ದರು.

ಗೋದಾಬಾಯಿಯ ಬೀಸುವ ಕಲ್ಲಿನ ಪದ ಓಣಿಗೆಲ್ಲ ಗೊತ್ತು. ಅವರ ತಲೆ ನರೆತ ಮೇಲೆ ರೇಡಿಯೋದವರು ಬಂದು ಧ್ವನಿ ಹಿಡಿದುಕೊಂಡು ಹೋದರು. ವಿಠೋಬ ಆಗ ನೂಲು ತರಲು ಹೋಗಿದ್ದರು. ಬಂದವರೇ ಕೇಳಿದರು:

"ಪದದಾಗ ನನ್ನ ಹೆಸರರೆ ಹಾಕೀಯೇನು?"

"ರೇಡಿಯೋದಾಗ ಬರತೈತೆಲ್ಲ, ಕೇಳ್ರಿ."

ಅದು ಬರುವ ಮೊದಲೇ ಗೋದಾಬಾಯಿ ಜ್ವರ ಬಂದು ತೀರಿಕೊಂಡರು.

ಸೂತಕದಲ್ಲಿ ಆ ಮನೆಯವರು ತುಳಸಿಯನ್ನು ಮುಟ್ಟುವುದಿಲ್ಲ. ಬಿಸಿಲಿಗೆ ಎಲೆ ಬಾಡಿತು, ಬುಡ ಬಿರಿಯಿತು. ಸೂತಕ ಕಳೆಯುವ ಹಿಂದಿನ ದಿನ, ಅಂದು ಸಂಜೆ ಪದ ಬರುತ್ತದೆಂದು ಸುದ್ದಿ ಬಂತು. ಪಕ್ಕದವರು ಮಗ್ಗ ನಿಲ್ಲಿಸಿದರು. ಓಣಿಯೆಲ್ಲ ನಿಂತೀತೆ? ನನ್ನಿಂದ ಬರೀ ಗೊರಗೊರ. ದಾವಲಸಾಬರೂ ಆಗ ಬದುಕಿರಲಿಲ್ಲ. ವಿಠೋಬ ನನ್ನ ಎದೆಯ ಬಟ್ಟೆಗೆ ಕಿವಿಯೊತ್ತಿದರು.

"ಗೋದಾ, ಜೋರಾಗಿ ಹಾಡ. ಕೇಳಸವಲ್ಲದು."

ಮರುದಿನ ಸೊಸೆ ಅನಸೂಯಾ ತಲೆಗೆ ಮಿಂದು ತುಳಸಿಗೆ ಕೊಡ ನೀರು ಸುರಿದಳು. ನೀರು ಬುಡಕ್ಕೆ ಇಳಿಯಿತು. ಸ್ವಲ್ಪ ಹೊತ್ತಿಗೆ ನನ್ನ ಗಂಟಲು ತಿಳಿಯಾಗಿ ಹತ್ತಿಯ ದರ ಸ್ವಚ್ಛವಾಗಿ ಕೇಳಿತು. ವಿಠೋಬ ಎದ್ದು ನಿಂತರು.

"ನೀರಡಿಕಿ..." ಎಂದರು. ಹೋಗಿ ಕಟ್ಟೆಯ ಹಸಿ ಬುಡ ಮುಟ್ಟಿ ನೋಡಿದರು.

ಆ ಪದ ಮತ್ತೊಮ್ಮೆ ಹಾಕಿರೆಂದು ರೇಡಿಯೋದವರನ್ನು ಕೇಳಿಕೊಂಡರು. ನೋಡೋಣ ಎಂದರಂತೆ. ಅಲ್ಲಿಂದ ಮುಂದೆ ತುಳಸಿಗೆ ಅವರೇ ನೀರೆರೆದರು, ಸಂಜೆಯಾದರೆ ನನ್ನ ಮುಂದೆ ಕೂತರು. ಪದ ಬರಲಿಲ್ಲ. ಒಂದು ದಿನ ಅವರೂ ಹೋದರು.

ಈಗ ನಾನು ಅಟ್ಟದ ಮೂಲೆಯಲ್ಲಿದ್ದೇನೆ. ನನ್ನ ತಂತಿ ಕತ್ತರಿಸಿದ್ದಾರೆ. ಅನಸೂಯಾ ಹಬ್ಬಕ್ಕೊಮ್ಮೆ ಬಂದು ಧೂಳು ಒರೆಸುತ್ತಾಳೆ.

ಆ ಸಂಜೆಯ ಪದ ನನ್ನೊಳಗೆ ಬಂದಿತ್ತು. ಗದ್ದಲದ ಅಡಿಯಲ್ಲಿ ಸಣ್ಣಗೆ, ಪೂರ್ತಿಯಾಗಿ ಬಂದಿತ್ತು. ಕೊನೆಯ ನುಡಿಯಲ್ಲಿ ಗೋದಾಬಾಯಿ ಒಂದು ಕ್ಷಣ ತಡೆದು, ನಾಚಿ, ನಕ್ಕು, ಗಂಡನ ಹೆಸರು ಹೇಳಿದ್ದರು.