ವೈರ್ ಬಿಚ್ಚಿದ ಮೈಕ್

ನಾನು ಒಂದು ಮೈಕ್. ಕೈಯಲ್ಲಿ ಹಿಡಿಯುವ, ಬಾಲಕ್ಕೆ ವೈರ್ ಇರುವ, ತಲೆಗೆ ತಂತಿಯ ಜಾಳಿಗೆ ಇರುವ ಮಾಮೂಲಿ ಮೈಕ್. ನನ್ನನ್ನು ಮಾಡಿದ ಕಾರ್ಖಾನೆ ಯಾವ ಊರಿನದೋ ತಿಳಿಯದು. ಒಬ್ಬ ಹೆಂಗಸು ನನ್ನೊಳಗೆ ತೆಳುವಾದ ಪೊರೆಯೊಂದನ್ನು ಕೂರಿಸಿ, ಬೆಸುಗೆ ಹಾಕಿ, ಒಮ್ಮೆ ಊದಿ ನೋಡಿದಳು. ನಾನು ಕೇಳಿದ ಮೊದಲ ಸದ್ದು ಆ ಉಸಿರು. ನನ್ನನ್ನು ಬದಿಗಿಟ್ಟು ಅವಳು ಮುಂದಿನ ಮೈಕ್ ಎತ್ತಿಕೊಂಡಳು.

ನನಗೆ ಕಣ್ಣಿಲ್ಲ. ಹಿಡಿದ ಕೈ ಗೊತ್ತಾಗುತ್ತದೆ, ಆಡಿದ ಮಾತು ಕೇಳುತ್ತದೆ. ಕೇಳಿದ್ದಕ್ಕೆ ಅಳುವುದು, ನಗುವುದು ನನ್ನ ಕೆಲಸವಲ್ಲ.

ಗದಗಿನ ತಿಪ್ಪಣ್ಣ ನನ್ನ ಮೊದಲ ಯಜಮಾನ. ಮದುವೆ ಮನೆಗಳ ಆರ್ಕೆಸ್ಟ್ರಾದಲ್ಲಿ ಹಾಡುತ್ತಿದ್ದ. ಅಗಲಿಕೆಯ ಹಾಡುಗಳೆಂದರೆ ಅವನಿಗೆ ಜೀವ. ಪ್ರೇಯಸಿ ಬಿಟ್ಟು ಹೋದಳೆಂದು ಅವನು ಗಂಟಲು ನಡುಗಿಸಿ ಹಾಡುವಾಗ ಎದುರಿನ ಪಂಕ್ತಿಯಲ್ಲಿ ಜನ "ಇತ್ತಲಾಗ ಜಿಲೇಬಿ" ಎಂದು ಕೂಗುತ್ತಿದ್ದರು. ಅವನ ಎಲೆಯಡಿಕೆಯ ಉಗುಳು ಇವತ್ತಿಗೂ ನನ್ನ ಜಾಳಿಗೆಯಲ್ಲಿ ಒಣಗಿಕೊಂಡಿದೆ. ವೈರ್ ಇಲ್ಲದ ಹೊಸ ಮೈಕ್ ಬಂದ ದಿನ ನನ್ನನ್ನು ಮಾರಿಬಿಟ್ಟ.

ಕೊಂಡವರು ಹೂಗಾರ ಸರ್. ಬೆಟಗೇರಿಯ ಒಂದು ಸೀರೆ ಅಂಗಡಿಯ ಮಾಳಿಗೆ ಮೇಲೆ ಅವರ ಸ್ಪೋಕನ್ ಇಂಗ್ಲಿಷ್ ಕ್ಲಾಸು. ಪಾಠದ ಕ್ರಮ ಸರಳ. ಹೊಸ ಬ್ಯಾಚಿಗೆ ಮೊದಲ ದಿನವೇ ಒಂದು ದುಃಖದ ಪ್ರೇಮಕಥೆಯ ಸಿನಿಮಾ ತೋರಿಸುವುದು. ಆಮೇಲೆ ಕೋರ್ಸ್ ಮುಗಿಯುವ ತನಕ ಅದರ ಬಗ್ಗೆಯೇ ಮಾತು. ಮೈಕ್ ಹಿಡಿದವರು ಇಂಗ್ಲಿಷಿನಲ್ಲೇ ಮಾತಾಡಬೇಕು. ಸ್ವಂತದ ಸುದ್ದಿ ತೆಗೆಯಬಾರದು.

"ತನ್ನ ಸುದ್ದಿ ಹೇಳಾಕ ಹೋದ್ರ ನಾಚಿಕಿ ಬರತೈತಿ, ನಾಲಿಗಿ ತೊಡರತೈತಿ," ಎನ್ನುತ್ತಿದ್ದರು ಸರ್. "ಮಂದೀ ದುಃಖ ಹೇಳ್ರಿ. ಹೆಂಗ ಓಡತೈತಿ ನೋಡ್ರಿ ನಾಲಿಗಿ."

ಸಿನಿಮಾವನ್ನು ನಾನು ನೋಡಿಲ್ಲ. ಎಷ್ಟೋ ಬಾಯಿಗಳಿಂದ ಕೇಳಿದ್ದೇನೆ. ಹುಡುಗನಿಗೆ ದೊಡ್ಡ ಕಾಯಿಲೆ. ಅದು ಅವನ ತಾಯಿಗೆ ಗೊತ್ತು, ಅಣ್ಣನಿಗೆ ಗೊತ್ತು, ಪ್ರೀತಿಸಿದ ಹುಡುಗಿಗೆ ಮಾತ್ರ ಗೊತ್ತಿಲ್ಲ. ಅವನು ಗುಳಿಗೆ ಮುಚ್ಚಿಡುತ್ತಾನೆ, ಕೊನೆಗೆ ನೀನು ಬೇಡ ಎಂದು ಸುಳ್ಳು ಹೇಳಿ ಹೋಗಿ ಎಲ್ಲೋ ಸಾಯುತ್ತಾನೆ. ಹುಡುಗಿಗೆ ತಿಳಿಯುವಾಗ ಎಲ್ಲ ಮುಗಿದಿರುತ್ತದೆ. ಇಷ್ಟೇ ಕತೆ. ಬ್ಯಾಂಕ್ ಪರೀಕ್ಷೆಯ ಹುಡುಗರು, ನರ್ಸುಗಳು, ಮೊಬೈಲ್ ಅಂಗಡಿಯ ಜಾಫರ್, ಎಲ್ಲರೂ ಇದನ್ನೇ ಹೇಳಿದರು. ಕೆಲವರು ಅತ್ತರು. ಜಾಫರ್ ಅಳಲಿಲ್ಲ. ಅವನ ಸಂಶಯವೇ ಬೇರೆ.

"ಸರ, ಅಷ್ಟ ಜಡ್ಡಾದಾಂವ ಆ ಗುಡ್ಡ ಹತ್ತಿ ಹಾಡ ಹೆಂಗ ಹಾಡಿದಾ?"

"ಅದನ್ನ ಇಂಗ್ಲಿಷಿನ್ಯಾಗ ಕೇಳೋ ಮಾರಾಯ."

ಆ ಬ್ಯಾಚಿಗೆ ಶಿವಲೀಲಾ ಬಂದಳು. ಬಸ್ ಡಿಪೊದ ಮೆಕ್ಯಾನಿಕ್ ಚನ್ನವೀರಪ್ಪನ ಮಗಳು. ಬಿಎ ಮುಗಿಸಿದ್ದಳು. ಬೆಳಗಾವಿಯ ಬ್ಯಾಂಕೊಂದರಲ್ಲಿ ನೌಕರಿ ಇರುವ ಮಹಾಂತೇಶ ಎಂಬ ವರನ ಸಂಬಂಧ ಬಂದಿತ್ತು. ಅವರ ಮನೆಯ ದೊಡ್ಡ ಸೊಸೆ ಕಾನ್ವೆಂಟ್ ಟೀಚರ್. ಕನ್ಯೆಗೆ ನಾಲ್ಕು ಮಾತು ಇಂಗ್ಲಿಷ್ ಬರಬೇಕು ಎಂದು ಹೇಳಿ ಕಳಿಸಿದ್ದರು. ಶಿವಲೀಲಾಗೆ ಈ ಸಂಬಂಧ ಕೂಡಬೇಕಿತ್ತು. ಮಹಾಂತೇಶ ಫೋನಿನಲ್ಲಿ ಮಾತಾಡಿದ್ದ, ಮಾತಿಗಿಂತ ಮೊದಲು ನಗುತ್ತಾನೆ ಎಂದು ಪಕ್ಕದ ಹುಡುಗಿಗೆ ಹೇಳಿದ್ದಳು. ಆಗ ನಾನು ಅವಳ ಕೈಯಲ್ಲಿದ್ದೆ. ಕೈ ಬೆವರಿತ್ತು.

ಮೊದಲು ಅವಳಿಗೆ ಒಂದು ವಾಕ್ಯವೂ ಹೊರಡುತ್ತಿರಲಿಲ್ಲ. ಬರಬರುತ್ತ ನನ್ನನ್ನು ಹಿಡಿದೊಡನೆ ಮಾತು ಬರತೊಡಗಿತು, ಇಟ್ಟೊಡನೆ ನಿಂತುಬಿಡುತ್ತಿತ್ತು. ಕನ್ಯಾ ನೋಡುವ ದಿನ ಹತ್ತಿರ ಬಂದಾಗ ಅವಳು ಸರ್ ಮುಂದೆ ನಿಂತಳು.

"ಸರ, ಮೈಕ್ ಕೊಡ್ರಿ ಒಂದಿನಕ್ಕ. ಕೈಯಾಗ ಅದು ಇಲ್ಲಂದ್ರ ನನಗ ಮಾತ ಬರಂಗಿಲ್ರಿ."

ಸರ್ ನಕ್ಕರು. ವೈರ್ ಬಿಚ್ಚಿ ಕೊಟ್ಟರು.

ಹೀಗೆ ನಾನು ಚನ್ನವೀರಪ್ಪನ ಮನೆಯ ಜಮಖಾನೆಯ ಮೇಲೆ, ಹೊಸ ಸೀರೆಯ ಮಡಿಲಲ್ಲಿ ಕೂತೆ. ಸ್ಪೀಕರ್ ಇಲ್ಲ, ವೈರ್ ಇಲ್ಲ. ಅವಲಕ್ಕಿ ಆಯಿತು, ಚಹಾ ಆಯಿತು. ವರನ ತಾಯಿ ಪಾರ್ವತೆವ್ವ ಅಡುಗೆ ಕೇಳಿದಳು, ಗೋತ್ರ ಕೇಳಿದಳು. ಆಮೇಲೆ ದೊಡ್ಡ ಸೊಸೆ ರೂಪಾ, "ಇಂಗ್ಲಿಷಿನ್ಯಾಗ ಏನರ ಮಾತಾಡವಾ," ಎಂದಳು.

"ಏನ್ ಮಾತಾಡ್ಲಿರಿ?"

"ಏನರ. ನೋಡಿದ ಸಿನಿಮಾನ ಹೇಳು."

ಶಿವಲೀಲಾ ನನ್ನನ್ನು ಬಾಯಿಯ ಹತ್ತಿರ ತಂದಳು. ಮುದುಕರೊಬ್ಬರು ಕೆಮ್ಮಿದರು, ಯಾರೋ ಕಿಸಕ್ಕೆಂದರು. ಅವಳು ನಿಲ್ಲಿಸಲಿಲ್ಲ. ಕ್ಲಾಸಿನಲ್ಲಿ ಹೇಳಿದಂತೆಯೇ, ನೀರು ಹರಿದ ಹಾಗೆ ಹೇಳಿದಳು. ಬಾಯ್ ಈಸ್ ಸಿಕ್. ಹೀ ಈಸ್ ಹೈಡಿಂಗ್ ಟ್ಯಾಬ್ಲೆಟ್ಸ್. ಮದರ್ ನೋಸ್, ಬ್ರದರ್ ನೋಸ್. ಓನ್ಲಿ ಗರ್ಲ್ ಡಸ್ ನಾಟ್ ನೋ. ಕೊನೆಗೆ ತನ್ನ ಅಭಿಪ್ರಾಯ ಹೇಳಬೇಕೆಂದು ಸರ್ ಕಲಿಸಿದ್ದರು. ಅದನ್ನೂ ಹೇಳಿದಳು. ದಿಸ್ ಈಸ್ ನಾಟ್ ಲವ್. ದಿಸ್ ಈಸ್ ಚೀಟಿಂಗ್.

ಚಹಾದ ಕಪ್ಪೊಂದು ಬಸಿಯ ಮೇಲೆ ಠಣ್ಣೆಂದು ಕೂತಿತು.

ಪಾರ್ವತೆವ್ವನಿಗೆ ಇಂಗ್ಲಿಷ್ ಬಾರದು. ಆದರೆ ಬಾಯ್, ಸಿಕ್, ಟ್ಯಾಬ್ಲೆಟ್, ಮದರ್, ಚೀಟಿಂಗ್, ಇವು ಯಾವ ತಾಯಿಗೆ ತಿಳಿಯುವುದಿಲ್ಲ?

"ಯಾರ್ ಹೇಳಿದ್ರು ನಿಮಗ?" ಎಂದಳು. "ಯಾರ್ ಕಿವಿ ತುಂಬಿದ್ರು? ಫಿಟ್ಸ್ ಬಂದದ್ದು ಗುಳಿಗಿ ಬಿಟ್ಟದ್ದಕ್ಕ! ಗುಳಿಗಿ ತಗೊಂಡ್ರ ನನ್ನ ಮಗಾ ಎಲ್ಲಾರಂಗ ಇರ್ತಾನ. ಮನಿಗೆ ಕರದು ಚೀಟಿಂಗ್ ಅಂತೀರೇನು?"

"ಅತ್ತೀ," ಎಂದಳು ರೂಪಾ ಮೆಲ್ಲಗೆ, "ಅದು ಸಿನಿಮಾರಿ."

ತಡವಾಗಿತ್ತು. ಚನ್ನವೀರಪ್ಪ, "ಫಿಟ್ಸ್? ಯಾರಿಗ್ರಿ ಫಿಟ್ಸ್?" ಎಂದ. ಮಹಾಂತೇಶನ ದನಿ ನನಗೆ ಒಮ್ಮೆಯೂ ಕೇಳಲಿಲ್ಲ. ಮುಚ್ಚಿಟ್ಟವರು ತಮಗೇ ಅವಮಾನವಾದಂತೆ ಎದ್ದರು. ಬಾಗಿಲಲ್ಲಿ ಚಪ್ಪಲಿ ಹುಡುಕುವ ಸದ್ದಾಯಿತು, ಕಾರು ಹೋಯಿತು.

"ಹಾಡ ಹೇಳು ಅಂತಿದ್ರು ಹಿಂದಕ," ಎಂದಳು ಶಿವಲೀಲಾಳ ಅವ್ವ. "ಒಂದ ಹಾಡ ಹೇಳಿದ್ರ ಮುಗೀತಿತ್ತು. ಯಾಕ ಬೇಕಾಗಿತ್ತವಾ ಈ ಇಂಗ್ಲಿಷು?"

ನನ್ನನ್ನು ಹಿಡಿದ ಶಿವಲೀಲಾಳ ಕೈ ತಣ್ಣಗಿತ್ತು. ಅಳುತ್ತಾಳೆಂದು ಕಾದೆ. ಅಳಲಿಲ್ಲ. ಅವಲಕ್ಕಿಯ ತಾಟುಗಳನ್ನು ಒಳಗೆ ಒಯ್ದು ತೊಳೆದಳು.

ಮತ್ತೆ ಕ್ಲಾಸಿಗೆ ಬಂದಳು. ಸರ್ ನನಗೆ ಮೊದಲಿನಂತೆ ವೈರ್ ಸಿಕ್ಕಿಸಿದರು. ಫೀ ಕಟ್ಟಿದ್ದಾಗಿತ್ತು. ಕೆಲವು ದಿನಗಳ ನಂತರ ಹೊಸಬನೊಬ್ಬ ಮೆಟ್ಟಿಲು ಹತ್ತಿ ಬಂದ. ಹೊಸ ಅಡ್ಮಿಷನ್ ಎಂದುಕೊಂಡ ಸರ್ ರೂಢಿಯಂತೆ ನನ್ನನ್ನು ಅವನ ಕೈಗಿತ್ತು, ಸಿನಿಮಾದ ಬಗ್ಗೆ ಮಾತಾಡಲು ಹೇಳಿದರು.

"ನಾ ಸಿನಿಮಾ ನೋಡಿಲ್ರಿ," ಎಂದ. "ನಾ ಮಹಾಂತೇಶ. ಶಿವಲೀಲಾರ ಕೂಡ ಮಾತಾಡೂದೈತಿ."

"ಹೀರೋ ಬಂದ್ನೋ," ಎಂದ ಜಾಫರ್.

ಮೈಕ್ ಕೆಳಗಿಡುವುದು ಅವನಿಗೆ ಹೊಳೆಯಲಿಲ್ಲ. ಅವನ ಮಾತು ಸ್ಪೀಕರಿನಿಂದ ಕೆಳಗಿನ ಸೀರೆ ಅಂಗಡಿಯ ತನಕ ಕೇಳುವಂತಿತ್ತು. "ಫಿಟ್ಸ್ ಇರೂದು ಖರೆ. ನಾನ ಹೇಳಬೇಕು ಅಂತಿದ್ದೆ. ಮದುವಿ ಆದಮ್ಯಾಲೆ ಹೇಳಿದ್ರಾತು ಅಂದ್ರು ಅವ್ವಾ. ಇವತ್ತ ನಾನ ಹೇಳಾಕ ಬಂದೇನಿ. ನಿಮಗ ಒಪ್ಪಿಗಿ ಇದ್ರ ಅವ್ವಾಗ ನಾ ಹೇಳ್ತೀನಿ."

ನನ್ನನ್ನು ಅವಳತ್ತ ಚಾಚಿದ. ಅವಳು ತೆಗೆದುಕೊಂಡಳು. ಕೈ ಬೆವರಿರಲಿಲ್ಲ.

"ಅವತ್ತ ಜಮಖಾನಿ ಮ್ಯಾಲೆ ಕುಂತಾಗ ನೀವ ಹೇಳಿದ್ರ ನಾ ಹೂಂ ಅಂತಿದ್ದೆ," ಎಂದಳು. ನನ್ನನ್ನು ಹಿಡಿದು ಅವಳು ಕನ್ನಡದಲ್ಲಿ ಇಷ್ಟು ಸಲೀಸಾಗಿ ಮಾತಾಡಿದ್ದು ಅದೇ ಮೊದಲು. "ಫಿಟ್ಸಿಗೆ ನಾ ಅಂಜಂಗಿಲ್ಲ. ನಿಮ್ಮವ್ವ ಅಷ್ಟ ಒದರಾಡುವಾಗ ನೀವು ನೆಲಾ ನೋಡಕೋತ ಕುಂತ್ರಿ."

"ಸಿಟ್ಟ ಬಂದೈತೇನು?"

"ಇಲ್ರಿ. ಬರ್ತೈತೇನೋ ಅಂತ ನಾನೂ ನೋಡಿದೆ. ಬರಲಿಲ್ಲ. ಹೋಗಿ ಬರ್ರಿ."

ನನ್ನನ್ನು ಬೆಂಚಿನ ಮೇಲಿಟ್ಟಳು. ಸ್ಪೀಕರಿನಲ್ಲಿ ಟಕ್ ಎಂದಿತು. ಅವನು ಮೆಟ್ಟಿಲಿಳಿಯುವುದು ಬಹಳ ಹೊತ್ತು ಕೇಳಿತು. ಆಮೇಲೆ ಸರ್ ಗಂಟಲು ಸರಿಮಾಡಿಕೊಂಡು, "ನೆಕ್ಸ್ಟ್," ಎಂದರು.

ಶಿವಲೀಲಾ ಕೋರ್ಸ್ ಮುಗಿಸಿದಳು. ಹಲ್ಲಿನ ಆಸ್ಪತ್ರೆಯೊಂದರ ಕೌಂಟರಿನಲ್ಲಿ ಕೆಲಸ ಸಿಕ್ಕಿತೆಂದು ಕೇಳಿದೆ. ಮದುವೆಯ ಸುದ್ದಿ ಕೇಳಲಿಲ್ಲ. ಸರ್ ಮುಂದಿನ ಬ್ಯಾಚಿಗೂ ಅದೇ ಸಿನಿಮಾ ತೋರಿಸಿದರು. ಹೊಸ ಹುಡುಗಿಯರು ಅತ್ತರು.

ಕ್ಲಾಸಿಗೆ ಕಾಲರ್ ಮೈಕ್ ಬಂದ ಮೇಲೆ ನಾನು ಪ್ರಚಾರದ ಆಟೊ ಸೇರಿ, ರಿಯಾಯಿತಿ ಮಾರಾಟ ಸಾರಿದೆ, ಸರ್ಕಸ್ ಸಾರಿದೆ, ತೀರಿಕೊಂಡವರ ಹೆಸರು ಸಾರಿದೆ. ಒಂದು ದಿನ ಒಳಗಿನ ಪೊರೆ ಹರಿಯಿತು; ಮಾತು ನನಗೆ ಕೇಳುತ್ತದೆ, ಸ್ಪೀಕರಿಗೆ ಹೋಗುವುದಿಲ್ಲ. ಈಗ ರಿಪೇರಿ ಅಂಗಡಿಯ ಪ್ಲಾಸ್ಟಿಕ್ ಬುಟ್ಟಿಯಲ್ಲಿದ್ದೇನೆ. ನನ್ನಂಥವು ಇನ್ನೂ ಇವೆ. ಹಳೇ ಮೈಕ್ ಬೇಕೆಂದು ಆಗಾಗ ಯಾರೋ ಬರುತ್ತಾರೆ. ನನ್ನನ್ನು ಎತ್ತಿ, ಸಿಕ್ಕಿಸಿ, ಹಲೋ ಎನ್ನುತ್ತಾರೆ. ಸ್ವಲ್ಪ ಕಾಯುತ್ತಾರೆ. ಇನ್ನೊಮ್ಮೆ ಹಲೋ ಎಂದು, ಪಕ್ಕದ್ದನ್ನು ಎತ್ತಿಕೊಳ್ಳುತ್ತಾರೆ.